ಹಾಡುವ ಮುಖಗಳಿಗೆ ಬೆಳಕು ಹಿಡಿದ ಮೈಸೂರಿನ ವಿ. ಕೆ. ಮೂರ್ತಿ

ಐವತ್ತರ ದಶಕದ ಹಿಂದೀ ಚಿತ್ರಗೀತೆಗಳನ್ನು ಮೆಲುಕು ಹಾಕದ ಮುಂಬಯಿ ಕನ್ನಡಿಗರ ಮನೆ ವಿರಳವೆಂದೇ ಹೇಳಬೇಕು. ಹಾಡಿದವರಾರು, ರಾಗ ಹಾಕಿದವರಾರು, ಬರೆದವರಾರು ಎಂಬುದನ್ನು ನಮ್ಮ ಹಿರಿಯರು ಬಾಯಿಪಾಠವಾಗಿ ಒಪ್ಪಿಸಬಲ್ಲರು. ಆದರೆ ಆ ಹಾಡುಗಳು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣೆದುರು ಬಂದು ನಿಲ್ಲುವ ಮುಖಗಳು, ಅರ್ಧ ಬೆಳಕಿನಲ್ಲಿ ಅರ್ಧ ನೆರಳಿನಲ್ಲಿ ತೇಲುವ ವಹೀದಾ ರೆಹಮಾನ್, ಮೀನಾ ಕುಮಾರಿ, ಗುರುದತ್ ಅವರ ಮುಖಗಳು, ಹಾಗೆ ಕಾಣಿಸಿದ್ದು ಯಾರ ಕೈಚಳಕದಿಂದ ಎಂದು ಕೇಳಿದರೆ ಉತ್ತರ ಬರುವುದು ತಡವಾಗಿ. ಆ ಬೆಳಕು ಮೈಸೂರಿನಲ್ಲಿ ಹುಟ್ಟಿ, ಪಿಟೀಲು ಕಲಿತು, ಮುಂಬಯಿಯನ್ನು ಕರ್ಮಭೂಮಿಯನ್ನಾಗಿ ಮಾಡಿಕೊಂಡ ನಮ್ಮ ವಿ. ಕೆ. ಮೂರ್ತಿ ಅವರದು. ಅವರು ನಮ್ಮನ್ನಗಲಿ ದಶಕವೇ ಕಳೆದಿರುವ ಈ ಸಂದರ್ಭದಲ್ಲಿ ಅವರ ಬಾಳನ್ನೂ ಅವರು ಬೆಳಕು ಹಿಡಿದ ಬಗೆಯನ್ನೂ ಓದುಗರ ಮುಂದಿಡಲು ನಾವು ಬಯಸಿದ್ದೇವೆ.

ವೆಂಕಟರಾಮ ಪಂಡಿತ ಕೃಷ್ಣಮೂರ್ತಿ ಎಂಬುದು ಅವರ ಪೂರ್ಣ ಹೆಸರು. ಜನನ 1923ರ ನವೆಂಬರ್ 26, ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರೆಂದರೆ ಕೇಳಬೇಕೆ? ಅರಮನೆಯ ವಿದ್ವಾಂಸರು, ಬೀದಿ ಬೀದಿಯಲ್ಲಿ ರಾಮೋತ್ಸವದ ಕಚೇರಿಗಳು, ಪಿಟೀಲಿಗೆ ಏಳು ತಂತಿ ಕಟ್ಟಿ ನಾಡಿನ ಗಮನ ಸೆಳೆದ ಚೌಡಯ್ಯನವರು. ಇಂಥ ವಾತಾವರಣದಲ್ಲಿ ಬೆಳೆದ ಹುಡುಗ ಪಿಟೀಲು ಹಿಡಿದುದರಲ್ಲಿ ಆಶ್ಚರ್ಯವಿಲ್ಲ. ಜೊತೆಗೆ ಆಗತಾನೆ ಮಾತು ಕಲಿತಿದ್ದ ಸಿನಿಮಾದ ಸೆಳೆತವೂ ಇತ್ತು. ನಾಲ್ವತ್ತರ ದಶಕದ ಸ್ವಾತಂತ್ರ್ಯ ಚಳವಳಿಯಲ್ಲಿ ಪಾಲ್ಗೊಂಡು ಸೆರೆವಾಸವನ್ನೂ ಕಂಡರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿಸಲು ಆರಂಭಿಸಿದಾಗ ಅಲ್ಲಿಗೆ ಸೇರಿ 1946ರಲ್ಲಿ ಡಿಪ್ಲೊಮಾ ಪಡೆದರು. ಸಿನಿಮಾ ಕ್ಯಾಮೆರಾ ಕೆಲಸವನ್ನು ಗುರುವಿನ ಹಿಂದೆ ಪೆಟ್ಟಿಗೆ ಹೊತ್ತೇ ಕಲಿಯಬೇಕಾಗಿದ್ದ ಕಾಲದಲ್ಲಿ, ತರಗತಿಯಲ್ಲಿ ಕುಳಿತು ಕಲಿಯುವ ಅವಕಾಶವನ್ನು ಮೈಸೂರು ಸಂಸ್ಥಾನ ಒದಗಿಸಿತ್ತೆಂಬುದು ಗಮನಾರ್ಹ.

ಡಿಪ್ಲೊಮಾ ಕೈಯಲ್ಲಿದ್ದರೂ ಮುಂಬಯಿಯ ಸ್ಟುಡಿಯೋಗಳು ಯಾರಿಗೂ ನೇರವಾಗಿ ಕ್ಯಾಮೆರಾ ಒಪ್ಪಿಸುತ್ತಿರಲಿಲ್ಲ. ಮೂರ್ತಿಯವರು ಸಹಾಯಕರಾಗಿ ದುಡಿದರು. ದ್ರೋಣಾಚಾರ್ಯ ಅವರ ಬಳಿ, ಮುಂದೆ ಮುಖಗಳನ್ನು ಸುಂದರವಾಗಿ ಕಾಣಿಸುವುದರಲ್ಲಿ ಎತ್ತಿದ ಕೈ ಎನಿಸಿದ್ದ ಫಲಿ ಮಿಸ್ತ್ರಿಯವರ ಬಳಿ ಕೆಲಸ ಕಲಿತರು. ಮಿಸ್ತ್ರಿಯವರನ್ನು ಅವರು ಕೊನೆಯವರೆಗೂ ಗುರುವೆಂದೇ ಭಾವಿಸಿದ್ದರು. ಮಹಾಲಕ್ಷ್ಮಿಯ ಫೇಮಸ್ ಸ್ಟುಡಿಯೋದಲ್ಲಿ ವಿ. ರಾತ್ರಾ ಅವರ ಸಹಾಯಕರಾಗಿದ್ದಾಗ ಅವರ ಬಾಳು ಹೊರಳಿತು. 1951ರಲ್ಲಿ ತೆರೆಕಂಡ 'ಬಾಜಿ' ಚಿತ್ರದ ಚಿತ್ರೀಕರಣವದು. ನಿರ್ದೇಶಕ ಗುರುದತ್ ಪಡುಕೋಣೆ ಎಂಬ ತರುಣನಿಗೆ ಅದು ಚೊಚ್ಚಲ ಚಿತ್ರ. ಬೆಂಗಳೂರಿನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಬೆಳೆದು, ಆಲ್ಮೋರಾದಲ್ಲಿ ಉದಯಶಂಕರ್ ಅವರ ಬಳಿ ನೃತ್ಯ ಕಲಿತು, ಪುಣೆಯ ಪ್ರಭಾತ್ ಸಂಸ್ಥೆಯಲ್ಲಿ ನೃತ್ಯ ನಿರ್ದೇಶಕನಾಗಿ ದುಡಿದು ಬಂದವರು ಅವರು. ಕ್ಲಬ್ಬಿನ ಹಾಡೊಂದರಲ್ಲಿ ಕನ್ನಡಿಯ ಬಿಂಬದಿಂದ ತೊಡಗಿ ಪಾತ್ರವನ್ನು ಬೆಂಬತ್ತಿ ಸಾಗುವ ಕಠಿಣವಾದ ಕ್ಯಾಮೆರಾ ಚಲನೆಯೊಂದನ್ನು ಸಹಾಯಕ ಮೂರ್ತಿ ತಾವಾಗಿಯೇ ಸೂಚಿಸಿ, ತಾವೇ ಕ್ಯಾಮೆರಾ ನಡೆಸಿ ತೋರಿಸಿದರು. ಅದನ್ನು ಕಂಡ ಗುರುದತ್ ತಮ್ಮ ಮುಂದಿನ ಚಿತ್ರಕ್ಕೆ ಅವರನ್ನೇ ಛಾಯಾಗ್ರಾಹಕರನ್ನಾಗಿ ಆರಿಸಿಕೊಂಡರು. 'ಜಾಲ್' 1952ರಲ್ಲಿ ಬಂತು. ಅಲ್ಲಿಂದ ಗುರುದತ್ ಸಂಸ್ಥೆಯ ಮುಖ್ಯ ಚಿತ್ರಗಳಿಗೆಲ್ಲ ಮೂರ್ತಿಯವರೇ ಕಣ್ಣಾದರು.

'ಆರ್ ಪಾರ್', 'ಮಿಸ್ಟರ್ ಅಂಡ್ ಮಿಸೆಸ್ 55', 'ಸಿ.ಐ.ಡಿ.' ಚಿತ್ರಗಳ ಲವಲವಿಕೆಯ ಬಗ್ಗೆ ಬರೆಯುವವರು ಬಹಳ. ನಾವು ನಿಲ್ಲಬಯಸುವುದು ಹಾಡುಗಳ ಬಳಿ.

ನಮ್ಮ ಚಿತ್ರರಂಗದ ಹಾಡೊಂದರಲ್ಲಿ ಒಂದು ವಿಚಿತ್ರವಿದೆ. ತೆರೆಯ ಮೇಲೆ ಹಾಡುವವರು ಹಾಡುತ್ತಿಲ್ಲ. ಹಾಡುವವರು ತೆರೆಯ ಮೇಲಿಲ್ಲ. ಗೀತಾ ದತ್ ಧ್ವನಿಮುದ್ರಣದ ಕೋಣೆಯಲ್ಲಿ ಹಾಡಿ ಮನೆಗೆ ಹೋಗಿರುತ್ತಾರೆ, ವಾರಗಳ ಬಳಿಕ ಸ್ಟುಡಿಯೋದಲ್ಲಿ ಆ ಧ್ವನಿಗೆ ತುಟಿ ಕೂಡಿಸುವ ಮುಖ ಇನ್ನೊಬ್ಬರದು. ಒಂದು ಕಂಠ, ಒಂದು ಮುಖ, ಇವೆರಡೂ ಒಂದೇ ಜೀವವೆಂದು ಪ್ರೇಕ್ಷಕರು ನಂಬಬೇಕು. ತುಟಿಯ ಚಲನೆಯೊಂದರಿಂದಲೇ ಆ ನಂಬಿಕೆ ಹುಟ್ಟುವುದಿಲ್ಲ. ಧ್ವನಿಯಲ್ಲಿರುವ ನೋವು ಮುಖದ ಮೇಲಿನ ಬೆಳಕಿನಲ್ಲಿಯೂ ಇರಬೇಕು. ಮೂರ್ತಿಯವರ ಸಾಧನೆ ಇಲ್ಲಿದೆಯೆಂದು ನಮಗೆ ಅನ್ನಿಸುತ್ತದೆ. ಪಿಟೀಲಿಗೆ ವೀಣೆಯಂತೆ ಮೆಟ್ಟಿಲುಗಳಿಲ್ಲ. ಸ್ವರಸ್ಥಾನವನ್ನು ಕಿವಿಯೇ ಹುಡುಕಿ ಬೆರಳಿಗೆ ಹೇಳಬೇಕು. ದೀಪವನ್ನು ಎರಡಂಗುಲ ಸರಿಸಿ, ಮತ್ತೆ ಒಂದಂಗುಲ ಹಿಂದಕ್ಕೆಳೆದು ನಿಲ್ಲಿಸುವವನಿಗೂ ಅದೇ ಅಭ್ಯಾಸ ಬೇಕು. ಬೆಳಕಿನ ಪ್ರಮಾಣವನ್ನು ಮೀಟರ್ ಅಳೆಯುತ್ತದೆ, ಹದವನ್ನು ಅಳೆಯುವುದಿಲ್ಲ.

ಆ ಕಾಲದಲ್ಲಿ ತಾರೆಯರ ಮುಖಕ್ಕೆ ಬೆಳಕು ಹಿಡಿಯುವ ಕ್ರಮ ಬಹುಮಟ್ಟಿಗೆ ನಿಶ್ಚಿತವಾಗಿತ್ತು. ಎದುರಿನಿಂದ ಒಂದು ಪ್ರಖರ ದೀಪ, ಅದರಿಂದುಂಟಾದ ನೆರಳನ್ನು ತುಂಬಲು ಮಗ್ಗುಲಲ್ಲಿ ಇನ್ನೊಂದು, ಕೂದಲಂಚು ಹೊಳೆಯುವಂತೆ ಹಿಂದಿನಿಂದ ಮತ್ತೊಂದು. ಮುಖದಲ್ಲಿ ಎಲ್ಲವೂ ಕಾಣುತ್ತಿತ್ತು, ಆದರೆ ಏನೂ ಉಳಿದಿರುತ್ತಿರಲಿಲ್ಲ. ಮೂರ್ತಿಯವರು ನೆರಳನ್ನು ತುಂಬುವ ದೀಪವನ್ನು ತಗ್ಗಿಸಿದರು, ಕೆಲವೆಡೆ ಆರಿಸಿಯೇ ಬಿಟ್ಟರು. ಒಂದು ಕೆನ್ನೆ ಕತ್ತಲಿಗೆ ಜಾರಿತು; ಕಣ್ಣಿನ ಹೊಳಪು ಮಾತ್ರ ಉಳಿಯಿತು. ಗುರುದತ್ ಮುಖದ ಸಮೀಪದೃಶ್ಯಗಳಿಗೆ 75 ಅಥವಾ 100 ಮಿಲಿಮೀಟರ್‌ನ ಲೆನ್ಸ್ ಬಳಸುವುದನ್ನು ಇಷ್ಟಪಡುತ್ತಿದ್ದರು. ಕ್ಯಾಮೆರಾ ತುಸು ದೂರದಲ್ಲಿ ನಿಲ್ಲುವುದರಿಂದ ಮೂಗು ಉಬ್ಬಿದಂತೆ ಕಾಣದು, ಹಿನ್ನೆಲೆ ಮಸುಕಾಗಿ ಕರಗುತ್ತದೆ, ಮುಖವೊಂದೇ ಉಳಿಯುತ್ತದೆ. ಭಾವಚಿತ್ರ ತೆಗೆಯುವವರು ಇಂದಿಗೂ ಇದೇ ಬಗೆಯ ಲೆನ್ಸ್ ಹುಡುಕುತ್ತಾರೆ.

1957ರ 'ಪ್ಯಾಸಾ' ಚಿತ್ರದ ಕೊನೆಯ ಭಾಗವನ್ನು ನೆನೆಯಿರಿ. ಸತ್ತನೆಂದು ಜನ ನಂಬಿದ ಕವಿ ತನ್ನದೇ ಸಂಸ್ಮರಣ ಸಭೆಯ ಬಾಗಿಲಲ್ಲಿ ತೋಳು ಚಾಚಿ ನಿಂತಿದ್ದಾನೆ. ಬೆಳಕೆಲ್ಲ ಅವನ ಬೆನ್ನ ಹಿಂದೆ. ಮುಖ ಕಾಣಿಸದ ಆ ಆಕೃತಿ ಹಾಡತೊಡಗುತ್ತದೆ. ಹಾಡುವವನ ಮುಖಕ್ಕೇ ಬೆಳಕು ಹಾಕದಿರುವ ಧೈರ್ಯ ಅಂದಿನ ಎಷ್ಟು ಮಂದಿ ಛಾಯಾಗ್ರಾಹಕರಿಗಿತ್ತು? ಸಂಕಲನಕಾರ ವೈ. ಜಿ. ಚವಾಣ್ ಅವರ ಕತ್ತರಿಯ ಪಾಲೂ ಈ ಹಾಡುಗಳಲ್ಲಿ ದೊಡ್ಡದು. ಗುರುದತ್ ಚಿತ್ರಗಳಲ್ಲಿ ವಾದ್ಯದ ಪೀಠಿಕೆಯಿಲ್ಲದೆ ಮಾತಿನ ಬಾಲದಿಂದಲೇ ಹಾಡು ಹೊರಡುವುದುಂಟು. ಮಾತಿನ ದೃಶ್ಯದ ಬೆಳಕು ಹಾಡಿಗೂ ಹೊಂದದಿದ್ದರೆ ಆ ಜೋಡಣೆ ತೇಪೆಯಂತೆ ಕಾಣುತ್ತಿತ್ತು.

ಇನ್ನು 1959ರ 'ಕಾಗಜ್ ಕೇ ಫೂಲ್'. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವದು. ಅಗಲವಾದ ಆ ತೆರೆ ಮೆರವಣಿಗೆಗೆ, ಯುದ್ಧಕ್ಕೆ, ಬೆಟ್ಟಗುಡ್ಡಗಳಿಗೆ ಹೇಳಿಮಾಡಿಸಿದ್ದು, ಒಂಟಿ ಮುಖಕ್ಕಲ್ಲ. ಮುಖವನ್ನು ನಡುವೆ ಇಟ್ಟರೆ ಎರಡೂ ಮಗ್ಗುಲು ಬರಿದಾಗಿ ಉಳಿಯುತ್ತವೆ. ಮೂರ್ತಿಯವರು ಆ ಬರಿದನ್ನು ಸಾಮಾನುಗಳಿಂದ ತುಂಬಲಿಲ್ಲ, ಕತ್ತಲಿನಿಂದ ತುಂಬಿದರು. ಕೈಫಿ ಆಜ್ಮಿ ಬರೆದು, ಎಸ್. ಡಿ. ಬರ್ಮನ್ ರಾಗ ಹಾಕಿ, ಗೀತಾ ದತ್ ಹಾಡಿದ ಆ ಪ್ರಸಿದ್ಧ ಗೀತೆಯನ್ನು ಖಾಲಿ ಸ್ಟುಡಿಯೋದೊಳಗೆ ಚಿತ್ರಿಸಬೇಕಿತ್ತು. ಕಥೆಯ ನಿರ್ದೇಶಕನೂ ಆತ ರೂಪಿಸಿದ ನಟಿಯೂ ದೂರ ದೂರ ನಿಂತಿದ್ದಾರೆ, ಮಾತಿಲ್ಲ. ಇಬ್ಬರ ನಡುವೆ ಮೇಲಿನಿಂದ ಒಂದು ಬೆಳಕಿನ ಕಂಬ ಇಳಿಯಬೇಕೆಂಬುದು ಆಶಯ. ಸ್ಟುಡಿಯೋದ ದೀಪಗಳಿಂದ ಅದು ಬಾರದು. ಎಷ್ಟೇ ದೊಡ್ಡ ದೀಪವಾದರೂ ಅದರ ಕಿರಣ ಬೀಸಣಿಗೆಯಂತೆ ಅಗಲವಾಗುತ್ತದೆ. ಸಮಾನಾಂತರವಾಗಿ ಬರುವುದು ಸೂರ್ಯನ ಕಿರಣ ಮಾತ್ರ. ಹಾಗಾಗಿ ಮೂರ್ತಿಯವರು ಎರಡು ದೊಡ್ಡ ಕನ್ನಡಿಗಳನ್ನು ತರಿಸಿದರು. ಒಂದನ್ನು ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿ, ಇನ್ನೊಂದನ್ನು ಒಳಗೆ ದೀಪದವರು ಓಡಾಡುವ ಎತ್ತರದ ಅಟ್ಟಣಿಗೆಯ ಮೇಲಿಟ್ಟು, ಹೊರಗಿನ ಸೂರ್ಯನನ್ನು ಒಳಗಿನ ಕತ್ತಲಿಗೆ ಇಳಿಸಿದರು. ಗಾಳಿಯಲ್ಲಿನ ಧೂಳಿನ ಕಣಗಳು ಆ ಕಿರಣಕ್ಕೆ ಮೈ ಕೊಟ್ಟವು. ಸೂರ್ಯನು ನಿರ್ದೇಶಕನಿಗಾಗಿ ಕಾಯುವವನಲ್ಲ. ಆತ ಸರಿದಂತೆಲ್ಲ ಕನ್ನಡಿಯನ್ನೂ ತಿರುಗಿಸುತ್ತಿರಬೇಕು. ಕ್ಯಾಮೆರಾ ಹಾಡಿನ ಲಯದಲ್ಲಿಯೇ ಮುಖದತ್ತ ನಿಧಾನವಾಗಿ ಸಾಗುತ್ತದೆ, ಹಿಂದಕ್ಕೆ ಸರಿಯುತ್ತದೆ. ಇಬ್ಬರ ದೇಹಗಳೂ ನಿಂತಲ್ಲೇ ನಿಂತಿರಲು ಅವರ ಆತ್ಮಗಳು ಹೊರಬಂದು ಬೆಳಕಿನಲ್ಲಿ ಸಂಧಿಸುವಂತೆ ಒಂದರ ಮೇಲೊಂದು ಚಿತ್ರಣ ಮೂಡಿಸಲಾಗಿದೆ. ಗಣಕಯಂತ್ರದ ನೆರವಿಲ್ಲದ ಕಾಲವದು ಎಂಬುದನ್ನು ನಮ್ಮ ಕಿರಿಯ ಓದುಗರು ಗಮನಿಸಬೇಕು.

ಚಿತ್ರ ನೆಲಕಚ್ಚಿತು. ಗುರುದತ್ ಎದೆಗುಂದಿ, ಮುಂದೆ ಯಾವ ಚಿತ್ರಕ್ಕೂ ನಿರ್ದೇಶಕರೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಮೂರ್ತಿಯವರಿಗೆ ಆ ಚಿತ್ರಕ್ಕಾಗಿ ಫಿಲಂಫೇರ್ ಪ್ರಶಸ್ತಿ ಬಂತು. ಬ್ಯಾಂಕಿನ ಜಮಾ-ಖರ್ಚಿನ ಪುಸ್ತಕಗಳ ನಡುವೆ ಆಯುಷ್ಯ ಸವೆಸಿದ ನಮಗೆ ಈ ಲೆಕ್ಕ ಒಂದು ಬಗೆಯಲ್ಲಿ ಕೌತುಕದ್ದು: ಅಂದು ನಷ್ಟದ ಖಾತೆಗೆ ಹೋದ ಆ ಹಾಡು ಅರವತ್ತೈದು ವರ್ಷಗಳ ಬಳಿಕವೂ ಬಡ್ಡಿ ತರುತ್ತಲೇ ಇದೆ.

ಕಪ್ಪು-ಬಿಳುಪಿನ ಕಾಲ ಮುಗಿಯುತ್ತಿತ್ತು. ಬಣ್ಣದ ಕೆಲಸ ಕಲಿಯಲು ಮೂರ್ತಿಯವರು ಯುರೋಪಿಗೆ ತೆರಳಿ, 'ದಿ ಗನ್ಸ್ ಆಫ್ ನವರೋನ್' ಚಿತ್ರತಂಡದ ಜೊತೆಗಿದ್ದು ಅವರ ಕೆಲಸ ನೋಡಿ ಬಂದರು. ಎಂ. ಸಾದಿಕ್ ನಿರ್ದೇಶನದ 'ಚೌದವೀ ಕಾ ಚಾಂದ್' 1960ರಲ್ಲಿ ಬಂದಾಗ ಅದರ ಕಪ್ಪು-ಬಿಳುಪಿನ ಭಾಗಗಳನ್ನು ನರಿಮನ್ ಇರಾನಿ ಚಿತ್ರಿಸಿದ್ದರು. ಬಣ್ಣದ ಹಾಡುಗಳ ಹೊಣೆ ಮೂರ್ತಿಯವರ ಪಾಲಿಗೆ ಬಂತು. ನಿದ್ರಿಸುತ್ತಿರುವ ಮಡದಿಯ ಮುಖವನ್ನು ನೋಡುತ್ತ ಗಂಡ ಹಾಡುವ ಶೀರ್ಷಿಕೆ ಗೀತೆಯಲ್ಲಿ ಕೇಳುಗರ ಕಿವಿ ರಫಿಯವರ ಕಂಠದ ಮೇಲಿದ್ದರೆ ನೋಡುಗರ ಕಣ್ಣು ಹಾಡದ ವಹೀದಾ ಅವರ ಮುಖದ ಮೇಲೆ. ಅಂದಿನ ಬಣ್ಣದ ಫಿಲ್ಮಿಗೆ ಬೆಳಕು ಬಹಳ ಬೇಕಾಗುತ್ತಿತ್ತು. ದೀಪಗಳ ಕಾವು ಸಹಿಸುವುದು ಕಷ್ಟ. ಆ ಕಾವಿಗೆ ತಮ್ಮ ಕಣ್ಣು ಕೆಂಪಾಗಿದ್ದುದನ್ನೂ, ಆ ಕೆಂಪಿಗೆ ಸೆನ್ಸಾರ್‌ನವರು ಆಕ್ಷೇಪ ತೆಗೆದುದನ್ನೂ ವಹೀದಾ ಅವರು ಬಳಿಕ ನೆನಪಿಸಿಕೊಂಡಿದ್ದಾರೆ.

1962ರ 'ಸಾಹಿಬ್ ಬೀಬಿ ಔರ್ ಗುಲಾಮ್' ಚಿತ್ರದ ಮುಜ್ರಾ ಹಾಡು ನಮ್ಮ ಮಟ್ಟಿಗೆ ಮೂರ್ತಿಯವರ ಕೈಚಳಕಕ್ಕೆ ಎಲ್ಲಕ್ಕಿಂತ ಮಿಗಿಲಾದ ಸಾಕ್ಷಿ. ಹೇಮಂತ್ ಕುಮಾರ್ ಸಂಗೀತ, ಆಶಾ ಭೋಸ್ಲೆ ಗಾಯನ, ತೆರೆಯ ಮೇಲೆ ಮೀನೂ ಮುಮ್ತಾಜ್. ಹಿಂದೆ ಕುಣಿಯುವ ಸಹನರ್ತಕಿಯರು ಗುರುದತ್ ಅವರ ಮನಸ್ಸಿಗೆ ಬರಲಿಲ್ಲ. ಬೇರೆಯವರನ್ನು ಹುಡುಕುವ ಬದಲು ಅವರ ಮೇಲೆ ಬೆಳಕೇ ಬೀಳದಂತೆ ಮಾಡುವ ದಾರಿಯನ್ನು ಮೂರ್ತಿ ಹಿಡಿದರು. ಹಾಡಿನುದ್ದಕ್ಕೂ ಆ ನರ್ತಕಿಯರು ನೆರಳಿನ ಆಕೃತಿಗಳಾಗಿಯೇ ಸುಳಿಯುತ್ತಾರೆ, ಮುಖ್ಯ ನರ್ತಕಿಯೊಬ್ಬಳೇ ಬೆಳಗುತ್ತಾಳೆ. ಹೇಳಲು ಸುಲಭ. ಇಬ್ಬರೂ ಚಲಿಸುತ್ತಿರುವಾಗ, ಒಬ್ಬಳ ಮೇಲಿನ ಬೆಳಕು ಮತ್ತೊಬ್ಬಳ ಕೆನ್ನೆಗೆ ತಾಗದಂತೆ, ದೀಪದೆದುರು ಕರಿಯ ತಡೆಗಳನ್ನು ಹಿಡಿದು, ಪ್ರತಿಯೊಬ್ಬರ ಹೆಜ್ಜೆಗೂ ಗಡಿ ಹಾಕಬೇಕು. ಈ ಚಿತ್ರಕ್ಕೂ ಅವರಿಗೆ ಫಿಲಂಫೇರ್ ಪ್ರಶಸ್ತಿ ಸಂದಿತು.

ಇಲ್ಲಿ ಸ್ವಲ್ಪ ಬದಿಗೆ ಸರಿಯುವುದನ್ನು ಓದುಗರು ಮನ್ನಿಸಬೇಕು. ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮ ಸಭಾಂಗಣಗಳಲ್ಲಿ ನಡೆಯುವ ಸಂಗೀತ ಕಾರ್ಯಕ್ರಮಗಳ ಛಾಯಾಚಿತ್ರಗಳನ್ನು ನೋಡುವಾಗಲೆಲ್ಲ ನಮಗೆ ಮೂರ್ತಿಯವರ ನೆನಪಾಗುತ್ತದೆ. ಎದುರಿನಿಂದ ಫ್ಲ್ಯಾಶ್ ಹೊಡೆದು ತೆಗೆದ ಆ ಚಿತ್ರಗಳಲ್ಲಿ ಗಾಯಕರೂ ಬ್ಯಾನರೂ ಹೂಕುಂಡವೂ ಒಂದೇ ಸಮನೆ ಬೆಳಗುತ್ತವೆ. ಗದುಗಿನ ಭೀಮಸೇನ ಜೋಶಿಯವರಂತೆ ಮೈಮರೆತು ಹಾಡುವವರ ಮುಖದ ಸೆಳೆತಗಳು ಅಂಥ ಬೆಳಕಿನಲ್ಲಿ ಹೊಟ್ಟೆನೋವಿನಂತೆ ಕಾಣುತ್ತವೆ. ಮಗ್ಗುಲ ಬೆಳಕಿನಲ್ಲಿ ಅದೇ ಮುಖ ತಪಸ್ಸಿನಂತೆ ತೋರುತ್ತದೆ. ವೇದಿಕೆಯ ಎದುರಿನ ಟ್ಯೂಬ್‌ಲೈಟ್ ಆರಿಸಿ, ಒಂದು ಬದಿಯಿಂದ ತುಸು ಮೇಲಕ್ಕೆ ಒಂದೇ ದೀಪವಿಟ್ಟು, ಬ್ಯಾನರಿನ ಮೇಲೆ ಬೆಳಕು ಬೀಳದಂತೆ ನೋಡಿಕೊಂಡು, ಫ್ಲ್ಯಾಶ್ ಇಲ್ಲದೆ, ಗಾಯಕರು ಸ್ವರದ ಮೇಲೆ ನಿಲ್ಲುವ ಕ್ಷಣಕ್ಕಾಗಿ ಕಾದರೆ ನಮ್ಮ ಮೊಬೈಲ್ ಫೋನಿನಲ್ಲಿಯೂ ಒಳ್ಳೆಯ ಭಾವಚಿತ್ರ ದೊರೆಯುತ್ತದೆ. ಬಳಿಕ ಕಂಪ್ಯೂಟರಿನಲ್ಲಿ ತಿದ್ದುವಾಗಲೂ ಅಷ್ಟೇ. ಹಿನ್ನೆಲೆಯನ್ನು ಒಂದಿಷ್ಟು ಕಪ್ಪಾಗಿಸಿದರೆ, ಅಂಚಿನ ಮೈಕಿನ ಕಂಬವನ್ನು ಕತ್ತರಿಸಿದರೆ ಸಾಕು. ಎಪ್ಪತ್ತು ವರ್ಷದ ವಿದುಷಿಯ ಸುಕ್ಕುಗಳನ್ನು ಅಳಿಸಿ, ಮುಖವನ್ನು ಬೆಳ್ಳಗೆ ಮಾಡಿ ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕುವುದು ಆಕೆಯ ಸಾಧನೆಯನ್ನೇ ಅಳಿಸಿದಂತೆ. ಆ ಸುಕ್ಕುಗಳಲ್ಲಿ ಐವತ್ತು ವರ್ಷಗಳ ಸಾಧಕವಿದೆ.

ಸಂಗೀತ ಬಲ್ಲವರು ಬೆಳಕನ್ನು ಬಲ್ಲರೆಂಬುದಕ್ಕೆ ಮೂರ್ತಿಯವರೊಬ್ಬರೇ ನಿದರ್ಶನವಲ್ಲ. ಅದೇ ಐವತ್ತರ ದಶಕದಲ್ಲಿ ಕಲ್ಕತ್ತೆಯಲ್ಲಿ ಸತ್ಯಜಿತ್ ರಾಯ್ ಅವರ ಛಾಯಾಗ್ರಾಹಕ ಸುಬ್ರತ ಮಿತ್ರ ಸಿತಾರ್ ನುಡಿಸಬಲ್ಲವರಾಗಿದ್ದರು. 'ಪಥೇರ್ ಪಾಂಚಾಲಿ'ಯ ಒಂದೆಡೆ ಅವರ ಸಿತಾರ್ ಕೇಳಿಬರುತ್ತದೆ. ಮಿತ್ರ ಅವರು ಬಟ್ಟೆಯ ಮೇಲೆ ಬೆಳಕು ಪುಟಿಸಿ ಬಯಲ ಬೆಳಕಿನ ಮೃದುತ್ವವನ್ನು ಸ್ಟುಡಿಯೋಗೆ ತಂದರು. ಮೂರ್ತಿ ಸ್ಟುಡಿಯೋದ ಕತ್ತಲನ್ನೇ ವಾದ್ಯವಾಗಿಸಿಕೊಂಡರು. ಇಬ್ಬರಲ್ಲಿ ಯಾರು ಮೇಲೆಂಬ ಚರ್ಚೆ ನಮಗೆ ಬೇಡ.

1964ರ ಅಕ್ಟೋಬರ್ 10ರಂದು ಗುರುದತ್ ತೀರಿಕೊಂಡರು. ಅವರಿಗಾಗ ಮೂವತ್ತೊಂಬತ್ತು ವರ್ಷ. ಮೂರ್ತಿಯವರಿಗೆ ನಲವತ್ತೊಂದೂ ತುಂಬಿರಲಿಲ್ಲ. ಅವರ ಮುಂದೆ ಇನ್ನೂ ಅರ್ಧ ಶತಮಾನದ ಬಾಳಿತ್ತು. ಕೆಲಸಕ್ಕೆ ಕೊರತೆಯಾಗಲಿಲ್ಲ. 'ಜಿದ್ದಿ', 'ಲವ್ ಇನ್ ಟೋಕಿಯೋ', 'ಸೂರಜ್', 'ನಯಾ ಜಮಾನಾ', 'ಜುಗ್ನೂ' ಮುಂತಾದ ಚಿತ್ರಗಳು ಬಂದವು, ಅವುಗಳಲ್ಲಿ ಹಲವು ಗೆದ್ದವು. ದೀರ್ಘಕಾಲ ಎಳೆದ 'ಪಾಕೀಜಾ' ಚಿತ್ರದ ಕೆಲವು ಭಾಗಗಳನ್ನೂ ಅವರು ಚಿತ್ರಿಸಿದರು. ಆದರೆ ಸಮಾನ ಶ್ರುತಿಯ ಜೊತೆಗಾರ ಮತ್ತೆ ದೊರೆಯಲಿಲ್ಲ. ಬಣ್ಣದ ಚಿತ್ರಗಳಲ್ಲಿ ಎಲ್ಲವೂ ಥಳಥಳಿಸಬೇಕೆಂಬ ಬೇಡಿಕೆಯ ಕಾಲದಲ್ಲಿ ನೆರಳಿಗೆ ಗಿರಾಕಿಗಳಿರಲಿಲ್ಲ. ನುರಿತ ಪಕ್ಕವಾದ್ಯಗಾರನೂ ಮುಖ್ಯ ಗಾಯಕನಿಲ್ಲದೆ ಏನು ಮಾಡಿಯಾನು?

ಅವರ ವಿದ್ಯೆ ಮುಂದಿನ ಪೀಳಿಗೆಗೆ ಹರಿದದ್ದು ಶಿಷ್ಯರ ಮೂಲಕ. ಬೆಂಗಳೂರಿನ ಅದೇ ಪಾಲಿಟೆಕ್ನಿಕ್‌ನಲ್ಲಿ ಕಲಿತು ಬಂದ ಗೋವಿಂದ ನಿಹಲಾನಿ ಅವರಿಗೆ ಸಹಾಯಕರಾಗಿ ದುಡಿದು, ಮುಂದೆ ತಾವೇ ಖ್ಯಾತ ಛಾಯಾಗ್ರಾಹಕರೂ ನಿರ್ದೇಶಕರೂ ಆದರು. 1988ರಲ್ಲಿ ನಿಹಲಾನಿಯವರು ದೂರದರ್ಶನಕ್ಕಾಗಿ 'ತಮಸ್' ತೆಗೆದಾಗ ಗುರುಗಳನ್ನೇ ಕ್ಯಾಮೆರಾಗೆ ಕರೆತಂದರು. ಶ್ಯಾಮ್ ಬೆನಗಲ್ ಅವರ 'ಭಾರತ್ ಏಕ್ ಖೋಜ್' ಸರಣಿಗೂ ಮೂರ್ತಿಯವರೇ ಕೆಲಸ ಮಾಡಿದರು. ಅರವತ್ತರ ಹರೆಯದಲ್ಲಿ ಕಿರುತೆರೆಗೆ ಹೊಂದಿಕೊಂಡ ಅವರ ಮನೋಧರ್ಮ ನಿಜಕ್ಕೂ ದೊಡ್ಡದು.

ಕನ್ನಡಕ್ಕೆ ಅವರಿಂದ ಬಂದುದು ಬಹಳ ಕಡಿಮೆ ಎಂಬುದು ನಮ್ಮನ್ನು ಇಂದಿಗೂ ಕಾಡುವ ಕೊರತೆ. ತ್ರಿವೇಣಿಯವರ ಕಾದಂಬರಿಯನ್ನಾಧರಿಸಿ ಎಸ್. ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ 'ಹೂವು ಹಣ್ಣು' ಚಿತ್ರವನ್ನು ಅವರು ಚಿತ್ರಿಸಿದಾಗ 1993ನೆಯ ಇಸವಿ. ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಕನ್ನಡ ಚಿತ್ರರಂಗ ಕಪ್ಪು-ಬಿಳುಪಿನಲ್ಲಿ ಅರಳುತ್ತಿದ್ದಾಗ ಕನ್ನಡಿಗನೇ ಆದ ಈ ಕಲಾವಿದನ ನೆರಳು-ಬೆಳಕು ಮುಂಬಯಿಯಲ್ಲೇ ಉಳಿದುಬಿಟ್ಟಿತು.

ಮನ್ನಣೆ ತಡವಾಗಿ ಬಂತು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಅವರು ಸ್ವೀಕರಿಸಿದ್ದು 2010ರಲ್ಲಿ, ಎಂಬತ್ತಾರು ದಾಟಿದ ಮೇಲೆ. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಂದುದು ಅದೇ ಮೊದಲು. ಅದಕ್ಕೂ ಮುನ್ನ ಕನ್ನಡಿಗರು ಆ ಹೆಸರು ಕೇಳಿ ಹೆಮ್ಮೆಪಟ್ಟದ್ದು 1995ನೆಯ ಸಾಲಿನಲ್ಲಿ, ಡಾ. ರಾಜಕುಮಾರ್ ಅವರಿಗಾಗಿ. ರಾಜಕುಮಾರ್ ಅವರ ಮುಖ ಕನ್ನಡದ ಮನೆಮನೆಗೂ ಗೊತ್ತಿತ್ತು. ಮೂರ್ತಿಯವರ ಮುಖವನ್ನು ಆ ದಿನ ಪತ್ರಿಕೆಯಲ್ಲಿ ಮೊದಲ ಬಾರಿಗೆ ಕಂಡವರೇ ಹೆಚ್ಚು.

ಬಾಳಿನ ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು. 2014ರ ಏಪ್ರಿಲ್ 7ರಂದು ಶಂಕರಪುರದ ನಿವಾಸದಲ್ಲಿ ನಿಧನರಾದಾಗ ಅವರಿಗೆ ತೊಂಬತ್ತು ವರ್ಷ. ಅವರ ಜೀವನವನ್ನು ಕನ್ನಡದಲ್ಲಿ ಪುಸ್ತಕವಾಗಿ ಬರೆದ ಲೇಖಕಿ ಉಮಾ ರಾವ್ ಆ ಕೃತಿಗೆ ಇಟ್ಟ ಹೆಸರು 'ಬಿಸಿಲುಕೋಲು'.